ಸೇತುವೆ, ನಾನು ಮತ್ತು ಒಂದು ಲಾರಿ ತೊಗರಿ

ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವವರಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಮಾತನ್ನು ಇದ್ದಂತೆ ದಾಟಿಸಲು ಅವರಿಗೆ ಮನಸ್ಸೇ ಬರುವುದಿಲ್ಲ. ಬಹಳ ಜನ ಉಪ್ಪು ಖಾರ ಹಚ್ಚಿ ಹೇಳುತ್ತಾರೆ. ನನ್ನದು ಉಲ್ಟಾ. ಇದ್ದ ಉಪ್ಪು ಖಾರವನ್ನೆಲ್ಲ ತೊಳೆದು, ಮೇಲೊಂದಿಷ್ಟು ಸಕ್ಕರೆ ಉದುರಿಸಿ ಕೊಡುವುದು ನನ್ನ ಪದ್ಧತಿ. ಇದನ್ನು ನಾನು ಬಹುಕಾಲ ಒಂದು ಕಲೆ ಎಂದೇ ತಿಳಿದಿದ್ದೆ. ಸಂಬಳ ಕೊಡುವವರು ಇದನ್ನು ಗುರುತಿಸಿಲ್ಲವಲ್ಲ ಎಂಬ ಕೊರಗೂ ಇತ್ತು.

ಜಹೀರಾಬಾದಿನಲ್ಲಿ ನಮ್ಮ ಸಾಹುಕಾರರ ಬೇಳೆ ವ್ಯಾಪಾರದ ಆಫೀಸಿದೆ. ನಾರಾಯಣಖೇಡದ, ನಮ್ಮ ಬಾಯಲ್ಲಿ ಬರೀ ಖೇಡದ, ಅಂಗಡಿಯಲ್ಲಿ ಮಲ್ಲಪ್ಪ ಎಂಬಾತ ಮನೂರು ಸುತ್ತಮುತ್ತಲಿನ ಹಳ್ಳಿಗಳಿಂದ ತೊಗರಿ ಖರೀದಿಸಿ ಲಾರಿಗೆ ತುಂಬಿಸುತ್ತಾನೆ. ತಾಂಡೂರಿನ ಮಿಲ್ಲಿನಲ್ಲಿ ಗುಂಡಪ್ಪ ಎಂಬಾತ ಅದನ್ನು ಇಳಿಸಿಕೊಂಡು ಬೇಳೆ ಮಾಡಿಸುತ್ತಾನೆ. ಇಬ್ಬರ ನಡುವೆ, ಆಫೀಸಿನ ಮೇಜಿನ ಹಿಂದೆ, ಶಾಂತಾಬಾಯಿ ಎಂಬ ನಾನು. ಎಲ್ಲರ ಬಾಯಲ್ಲೂ ‘ಅಕ್ಕಾರು’. ಮಲ್ಲಪ್ಪನೂ ಗುಂಡಪ್ಪನೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೊದಲ ಸುಗ್ಗಿಯಲ್ಲೇ ಒಂದು ಲಾರಿ ಮಾಲಿನ ವಿಷಯಕ್ಕೆ ಇಬ್ಬರಿಗೂ ಕೋಪ ಹತ್ತಿ, “ಏನಿದ್ರೂ ಆಫೀಸಿಗಿ ಹೇಳ್ರಿ, ಆಫೀಸ್ ಹೇಳ್ತದ” ಎಂದು ಸಾಹುಕಾರರು ಕಟ್ಟಪ್ಪಣೆ ಮಾಡಿಬಿಟ್ಟರು. ಆಫೀಸ್ ಎಂದರೆ ಯಾರು? ನಾನೇ.

ಇದರ ಮೇಲೆ ಆ್ಯಪ್‌ಗಳ ಕಾಟ ಬೇರೆ. ಖೇಡದ ರೈತರೆಲ್ಲ ಹಸಿರು ಬಣ್ಣದ ಆ್ಯಪಿನಲ್ಲಿರುವುದರಿಂದ ಮಲ್ಲಪ್ಪನ ಗುಂಪು ಅಲ್ಲಿ. ಮಿಲ್ಲಿನ ದೊಡ್ಡ ದೊಡ್ಡ ವಿಡಿಯೊಗಳು ಸರಾಗ ಹೋಗುತ್ತವೆಂದು ಗುಂಡಪ್ಪನ ಗುಂಪು ನೀಲಿ ಬಣ್ಣದ ಇನ್ನೊಂದರಲ್ಲಿ. ಸಾಹುಕಾರರು ಯಾರೋ ಹೇಳಿದರೆಂದು ಆಫೀಸಿಗೆ ಮೂರನೆಯದನ್ನು ತಂದರು. ಅದರಲ್ಲಿ ಅವರೂ ನಾನೂ ಇಬ್ಬರೇ, ಹಬ್ಬದ ದಿನವೂ ಕಳೆ ಇಲ್ಲದ ಮನೆಯಂತೆ. ಬೆಳಗಾದರೆ ನಾನು ಹಸಿರಿನಲ್ಲಿ ಕೇಳಿದ್ದನ್ನು ನೀಲಿಯಲ್ಲಿ ಬರೆಯಬೇಕು, ನೀಲಿಯಲ್ಲಿ ಕೇಳಿದ್ದನ್ನು ಹಸಿರಿನಲ್ಲಿ ಬರೆಯಬೇಕು, ಎರಡನ್ನೂ ಮೂರನೆಯದರಲ್ಲಿ ಸಾಹುಕಾರರಿಗೆ ಒಪ್ಪಿಸಬೇಕು.

ಕೇಳಿದ್ದನ್ನು ಎಂದೆ. ಯಾಕೆಂದರೆ ಇಬ್ಬರೂ ಬೆರಳಿನಿಂದ ಬರೆಯುವ ಗೋಜಿಗೆ ಹೋಗುವವರಲ್ಲ. ಮೈಕ್ ಒತ್ತಿ ಮಾತಾಡಿ ಕಳಿಸುವವರು. “ಖೇಡ್‌ದಾಂವ ಕಣ್ಣ ಮುಚ್ಕೊಂಡು ಖರೀದಿ ಮಾಡ್ಯಾನೇನ್ರಿ? ಪೂರಾ ಕಸಾನೇ ಅದ ಇದ್ರಾಗ” ಎಂದು ಗುಂಡಪ್ಪ ಗುಡುಗಿದರೆ, ನಾನು ಅದನ್ನು ಅವನೇ ಬರೆದಂತೆ ಹೀಗೆ ದಾಟಿಸುತ್ತಿದ್ದೆ: ‘ತಾಂಡೂರಿನಿಂದ: ಮಾನ್ಯರೇ, ತಾವು ಕಳುಹಿಸಿದ ಸರಕಿನಲ್ಲಿ ಕಸದ ಅಂಶವು ಗಮನಕ್ಕೆ ಬಂದಿದ್ದು, ಈ ಕುರಿತು ತಮ್ಮ ಅಮೂಲ್ಯ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.’ ಬೀದರಿನ ಕಾಲೇಜಿನಲ್ಲಿ ಕನ್ನಡಕ್ಕೆ ನಾನೇ ಮೊದಲು. ಆ ಕನ್ನಡಕ್ಕೆ ಬೇಳೆ ವ್ಯಾಪಾರದಲ್ಲಿ ಇದೊಂದೇ ದಾರಿ ಸಿಕ್ಕಿತ್ತು.

ಎಲ್ಲ ಸುಸೂತ್ರವಾಗಿತ್ತು, ನಾನು ನಾದಿನಿಯ ಮಗುವಿನ ತೊಟ್ಟಿಲಿಗೆ ಝರಾಸಂಗಕ್ಕೆ ಹೋಗುವವರೆಗೆ. ಫೋನು ಚೀಲದಲ್ಲಿ, ಚೀಲ ಅಟ್ಟದ ಮೇಲೆ, ನಾನು ಹೋಳಿಗೆ ಪಂಕ್ತಿಯಲ್ಲಿ. ಅತ್ತ ತಾಂಡೂರಿನ ಮಿಲ್ಲಿನ ಮುಂದೆ ಲಾರಿ ನಿಂತಿದೆ. ‘ಇಳಸಬೇಕೋ ಬ್ಯಾಡೋ’ ಎಂದು ಗುಂಡಪ್ಪ ನೀಲಿಯಲ್ಲಿ ಕೇಳುತ್ತಿದ್ದಾನೆ. ಹಸಿರಿನಲ್ಲಿರುವ ಮಲ್ಲಪ್ಪನಿಗೆ ಅದರ ಸುದ್ದಿಯೇ ಇಲ್ಲ. ಸಂಜೆವರೆಗೂ ಲಾರಿ ಅಲ್ಲೇ ಬಿಸಿಲು ಕಾಯಿತು. ಮರುದಿನ ಸಾಹುಕಾರರು ಸಿಟ್ಟು ಮಾಡಲಿಲ್ಲ, ಅದೇ ಹೆದರಿಕೆಯ ವಿಷಯ. ತಣ್ಣಗೆ ಹೇಳಿದರು: “ಇನ್ನೊಂದು ಲಾರಿ ಹಿಂಗ ನಿಂತ್ರ ಖೇಡ್ ಅಂಗಡಿ ಬಂದ್ ಮಾಡ್ತೀನ್ರಿ ಅಕ್ಕಾರ. ತೊಗರಿ ಎಲ್ಲಿ ಬೇಕಾದ್ರೂ ಸಿಗ್ತದ.”

ತೊಗರಿ ಎಲ್ಲಿ ಬೇಕಾದರೂ ಸಿಗುತ್ತದೆ, ಮಲ್ಲಪ್ಪನಿಗೆ ಕೆಲಸ ಎಲ್ಲಿ ಬೇಕಾದರೂ ಸಿಗುವುದಿಲ್ಲ. ಹೆಣ್ಣುಮಕ್ಕಳಿಬ್ಬರನ್ನು ಓದಿಸುತ್ತಿರುವ ಮನುಷ್ಯ. ಬಾಯಿ ಹರಕು ನಿಜ, ಆದರೆ ಹಳ್ಳಿಯ ಹೆಂಗಸರು ತಲೆಯ ಮೇಲೆ ಹೊತ್ತು ತಂದ ಪುಟ್ಟ ಗಂಟನ್ನೂ ತಿರುಗಿಸಿ ಕಳಿಸಿದವನಲ್ಲ. ನಾನು ಹೋಳಿಗೆ ತಿಂದದ್ದಕ್ಕೆ ಅವನ ಅಂಗಡಿಗೆ ಬೀಗ ಬೀಳುವುದೆಂದರೆ ನನಗೆ ಸಂಕಟವಾಯಿತು. ಅವತ್ತೇ ಹಟ ಹಿಡಿದೆ. ಒಂದು ಆ್ಯಪಿನ ಮಾತನ್ನು ತಾನಾಗಿಯೇ ಇನ್ನೊಂದಕ್ಕೆ ದಾಟಿಸುವ ಸಾಧನವೊಂದಿದೆಯಂತೆ. ಅದನ್ನು ಕೂಡಿಸದೆ ಬಿಡುವುದಿಲ್ಲ ಎಂದು.

ನಮ್ಮ ಯಜಮಾನರು ಬಸ್ ಕಂಡಕ್ಟರು. ದಿನವಿಡೀ ಜನರನ್ನು ಈ ಊರಿನಿಂದ ಆ ಊರಿಗೆ ದಾಟಿಸುವವರಾದ್ದರಿಂದ ಈ ವಿಷಯದಲ್ಲಿ ತಾವು ತಜ್ಞರೆಂದು ತಿಳಿದಿದ್ದಾರೆ. “ನಿನ್ ಕೆಲಸ ಮಷಿನ್ ಮಾಡಾಕತ್ತಿದ್ರ ಸಾವಕಾರ ನಿನಗ ಯಾಕ ಪಗಾರ ಕೊಡಬೇಕು?” ಎಂದರು. ಈ ಪ್ರಶ್ನೆ ನನಗೂ ಬಂದಿತ್ತು. ಆದರೆ ಗಂಡ ಕೇಳಿದ ಮೇಲೆ ಹಿಂದೆ ಸರಿಯುವುದು ಹೇಗೆ? ಇನ್ನೂ ಗಟ್ಟಿಯಾಗಿ ಕೂತೆ.

ಕಲಿಸುವ ವಿಡಿಯೊಗಳು ಒಂದು ಹಿಂದಿಯಲ್ಲಿ, ಒಂದು ತೆಲುಗಿನಲ್ಲಿ. ಎರಡೂ ನನಗೆ ಬರುತ್ತವೆ. ಅವರು ಹೇಳುತ್ತಿದ್ದ ವಿಷಯ ಮಾತ್ರ ಬರಲಿಲ್ಲ. ‘ಟೋಕನ್’ ಹಾಕಿ ಎಂದರು. ನನಗೆ ಗೊತ್ತಿದ್ದ ಟೋಕನ್ ಆಸ್ಪತ್ರೆಯದು. ‘ಬಾಟ್‌ಗೆ, ಅಂದರೆ ಆ ದಾಟಿಸುವ ಸಾಧನಕ್ಕೆ, ಹೆಸರಿಡಿ’ ಎಂದಾಗ ಸ್ವಲ್ಪ ಧೈರ್ಯ ಬಂತು, ಹೆಸರಿಡುವುದು ನನ್ನ ಕ್ಷೇತ್ರ. ‘ಸೇತುವೆ’ ಎಂದಿಟ್ಟೆ. ಗಾಜು ಒಡೆದ ಹಳೆಯ ಫೋನೊಂದನ್ನು ಇದಕ್ಕೇ ಮೀಸಲಿಟ್ಟು, ತೊಗರಿ ಸ್ಯಾಂಪಲ್ ಡಬ್ಬಿಗಳ ಪಕ್ಕದಲ್ಲಿ ಚಾರ್ಜಿಗೆ ಹಾಕಿದೆ. ಮೊದಲ ಸಲ ಚಾಲೂ ಮಾಡಿದಾಗ ಸಾಹುಕಾರರು ಕಳಿಸಿದ ಗುಲಾಬಿ ಹೂವಿನ ‘ಶುಭೋದಯ’ ಹಸಿರಿಗೆ ಹೋಗಿ, ಹಸಿರಿನಿಂದ ನೀಲಿಗೆ ಹೋಗಿ, ನೀಲಿಯಿಂದ ಮತ್ತೆ ಸಾಹುಕಾರರಿಗೇ ಬಂದು, ಅಲ್ಲಿಂದ ಮತ್ತೆ ಹೊರಟಿತು. ಮಧ್ಯಾಹ್ನದ ಹೊತ್ತಿಗೆ ಮೂರೂ ಊರಲ್ಲಿ ಎಲ್ಲಿ ನೋಡಿದರೂ ಗುಲಾಬಿ. “ಯಾರ್ದರೆ ಮದಿವಿ ಅದ ಏನ್ರಿ ಅಕ್ಕಾರ?” ಎಂದು ಮಲ್ಲಪ್ಪ ಕೇಳಿದ. ನಾನು ಸೋಲಲಿಲ್ಲ. ಅಳಿಸಿದೆ, ಮತ್ತೆ ಕೂಡಿಸಿದೆ, ಮತ್ತೆ ಅಳಿಸಿದೆ. ರೊಟ್ಟಿ ಬಡಿಯಲು ಕಲಿತಾಗಲೂ ನಾನು ಹೀಗೇ ಹಿಟ್ಟನ್ನೆಲ್ಲ ಮುಗಿಸಿ ಕಲಿತವಳು. ಕೊನೆಗೆ ಸೇತುವೆ ನಿಂತಿತು. ಒಂದೇ ಒಂದು ಐಬು ಉಳಿಯಿತು: ಯಾರೇ ಕಳಿಸಿದರೂ ಆಚೆ ಬದಿಯವರಿಗೆ ‘ಸೇತುವೆ’ ಎಂಬ ಹೆಸರೊಂದೇ ಕಾಣುತ್ತಿತ್ತು.

ಕೆಲಸ ಮುಗಿದ ಮೇಲೆ ನಿಜವಾದ ಭಯ ಹುಟ್ಟಿತು. ಇನ್ನು ಮೇಲೆ ತೊಳೆಯುವವರು ಯಾರು? ಈ ಇಬ್ಬರಲ್ಲಿ ಒಬ್ಬರ ಮಾತು ನೇರವಾಗಿ ಇನ್ನೊಬ್ಬರ ಕಿವಿಗೆ ಬಿದ್ದರೆ, ಸಾಹುಕಾರರು ಬೀಗ ಹುಡುಕುವ ಮೊದಲೇ ಇವರೇ ಅಂಗಡಿ ಮುಚ್ಚಿಸುತ್ತಾರೆ.

ಭಯ ನಿಜವಾಗಲು ಬಹಳ ಕಾಯಬೇಕಾಗಲಿಲ್ಲ. ಖೇಡದ ಲಾರಿ ತಾಂಡೂರು ತಲುಪಿತು. ಸೇತುವೆಯ ಮೇಲೆ ಮೊದಲು ದಾಟಿದ್ದು ಗುಂಡಪ್ಪನ ದನಿ: “ಏ ಖೇಡ್‌ದವ್ರ! ಮ್ಯಾಲಿನ ಚೀಲದಾಗ ಕೈ ಹಾಕಿದ್ರ ಅಂಗೈ ಹಸಿ ಆಗ್ತದ. ತೊಗರಿ ಖರೀದಿ ಮಾಡೀರೋ ಕೆರಿ ಖರೀದಿ ಮಾಡೀರೋ? ಇಲ್ಲಿ ಮಾಡ ಆಗ್ಯಾದ, ಮಳಿ ಬರೂದ್ರಾಗ ಲಾರಿ ವಾಪಸ್ ಒಯ್ರಿ. ನಾ ಇಳಸಂಗಿಲ್ಲ!”

 ಎಷ್ಟು ಹಟದಿಂದ ಕಟ್ಟಿದ್ದೆನೋ ಅಷ್ಟೇ ಹಟದಿಂದ ಸೇತುವೆ ಕೆಡವಲು ಎದ್ದೆ. ಹಳೆಯ ಫೋನಿನ ಚಾರ್ಜರ್ ಕಿತ್ತೆ. ಅದು ಹೊಟ್ಟೆ ತುಂಬ ಚಾರ್ಜು ಕುಡಿದು ಕೂತಿತ್ತು, ಜಗ್ಗಲಿಲ್ಲ. ಅಷ್ಟರಲ್ಲಿ ಮಲ್ಲಪ್ಪನ ಉತ್ತರವೂ ದಾಟಿತು: “ಯಾಂವಪ್ಪಾ ನೀ? ಬಾಯಾಗ ಹಲ್ಲ ಅದಾವೋ ಇಲ್ಲೋ? ದಾರ್ಯಾಗ ಮಳಿ ಬಡದದ, ಲಾರಿ ಮ್ಯಾಲ ಹೊಚ್ಚಿದ್ದ ತಾಡಪತ್ರಿ ಹರದದ, ಡ್ರೈವರ್ ಈಗ ಹೇಳ್ದ. ಹಸಿ ಆಗಿದ್ದು ಮ್ಯಾಲಿನ ಸಾಲು ಅಷ್ಟೇ. ಇದೇ ಮಾಲಿನ ಸ್ಯಾಂಪಲ್ ನನ್ನ ಬಲ್ಲಿ ಅದ. ಕೇಳು!” ಆಮೇಲೆ ‘ಕಟ್’ ಎಂದು ಒಂದು ಸದ್ದು.

ತೊಗರಿ ಕಚ್ಚಿದ ಸದ್ದು. ನಮ್ಮ ಕಡೆ ಕಾಳು ಒಣಗಿದೆಯೇ ಎಂದು ತಿಳಿಯಲು ಹಲ್ಲಿಗೆ ಹಾಕುತ್ತಾರೆ. ಹಸಿಯಾಗಿದ್ದರೆ ಮೆತ್ತಗೆ ಚಪ್ಪಟೆಯಾಗುತ್ತದೆ, ಒಣಗಿದ್ದರೆ ಕಟ್ ಎಂದು ಎರಡಾಗುತ್ತದೆ. ಮಲ್ಲಪ್ಪ ಪ್ರತಿ ಲಾರಿಗೂ ಹೀಗೆ ಫೋನಿನಲ್ಲಿ ಕಾಳು ಕಚ್ಚಿ ಕಳಿಸುತ್ತಿದ್ದ. ಇದೆಂಥ ಅಸಭ್ಯತೆ, ಫೋನಿನಲ್ಲಿ ಅಗಿಯುವುದು ಎಂದು ಮೂಗು ಮುರಿದು, ನಾನು ‘ಧಾನ್ಯದ ಗುಣಮಟ್ಟವು ತೃಪ್ತಿಕರವಾಗಿರುತ್ತದೆ’ ಎಂದು ಬರೆಯುತ್ತಿದ್ದೆ. ಅದನ್ನು ಓದಿ ಲಾರಿ ಇಳಿಸುವ ಧೈರ್ಯ ಯಾವ ಮಿಲ್ಲಿನವನಿಗೆ ಬಂದೀತು?

 ಆಚೆ ಬದಿಯಿಂದ ಗಾಳಿಯ ಸದ್ದು, ಚೀಲ ಎಳೆಯುವ ಸದ್ದು, ‘ಕಟ್’. ಇನ್ನೊಂದು ‘ಕಟ್’. “ಖರೆ ಅದಲ್ಲೋ! ಕೆಳಗಿಂದು ಪೂರಾ ಒಣಗ್ಯಾದ” ಎಂದ ಗುಂಡಪ್ಪ. ಕಾಳು ಅಗಿಯುತ್ತಲೇ, “ನೀ ಮನೂರ್ ಕಡಿಯಾಂವ ಏನು?” ಎಂದು ಕೇಳಿದ.

“ಹೌದು. ಯಾಕ?”

“ನಮ್ಮವ್ವ ಆ ಕಡಿಯಾಕಿ. ಬೈದ್ರ ಹಿಂಗೇ ಬೈತಿದ್ಳು. ಆಕಿ ಹೋದ ಮ್ಯಾಲ ಹಿಂಗ ಯಾರೂ ಬೈದಿದ್ದಿಲ್ಲ. ತಡಿ, ಹನಿ ಬೀಳಾಕತ್ತಾವ, ಮೊದ್ಲ ಮಾಲ್ ಒಳಗ ಹಾಕ್ತೀನಿ. ಹಸಿ ಚೀಲ ಬ್ಯಾರೆ ಇಟ್ಟು ಒಣಸ್ತೀನಿ. ಆಮ್ಯಾಲ ಬೈಯಿ.”

ನಾನು ಆ ಒಡಕು ಫೋನನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಕಣ್ಣಲ್ಲಿ ನೀರು ಬಂದದ್ದು ನಿಜ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮಳೆ ಜೋರಾಗುವ ಮೊದಲೇ ಲಾರಿ ಖಾಲಿಯಾಯಿತು. ಎಲ್ಲವನ್ನೂ ಕೇಳಿದ ಸಾಹುಕಾರರು ಒಳಗಿನಿಂದಲೇ, “ಅಕ್ಕಾರ, ಖೇಡ್‌ಗಿ ಒಂದು ಹೊಸ ತಾಡಪತ್ರಿ ಕಳಸ್ರಿ” ಎಂದು ಕೂಗಿದರು. ಮುಚ್ಚುವ ಅಂಗಡಿಗೆ ಯಾರೂ ತಾಡಪತ್ರಿ ಕಳಿಸುವುದಿಲ್ಲ. ಹೋದ ಜೀವ ಮರಳಿ ಬಂದಂತಾಯಿತು.

ಆ ಸಂತೋಷದಲ್ಲಿ ಸುಮ್ಮನಿರಬೇಕಿತ್ತು. ಚಟ ಬಿಡಬೇಕಲ್ಲ. ಆಫೀಸಿನ ಆ್ಯಪ್ ತೆರೆದು ಬರೆದೆ: ‘ಮಾನ್ಯರೇ, ಇಂದಿನ ತಮ್ಮ ಸೌಹಾರ್ದಯುತ ಸಹಕಾರಕ್ಕೆ ಹೃತ್ಪೂರ್ವಕ ಅಭಿನಂದನೆಗಳು.’ ಸೇತುವೆ ಅದನ್ನು ಎರಡೂ ಕಡೆಗೆ ನಿಷ್ಠೆಯಿಂದ ಮುಟ್ಟಿಸಿತು.

ಕೂಡಲೇ ಗುಂಡಪ್ಪನ ದನಿ: “ಮಲ್ಲಪ್ಪಾ, ಇದು ನೀ ಬರದೀ ಏನೋ?”

“ನಾ ಯಾಕ ಬರೀಲಿ? ಇಷ್ಟು ದಿನ ಹಿಂಗ ಬರಿಯಾಂವ ನೀನೇ ಅಂತ ತಿಳ್ಕೊಂಡಿದ್ದೆ. ಎಷ್ಟು ಸೊಕ್ಕಿನ ಮನಷ್ಯಾ ಇದ್ದಾನ, ಅಮೂಲ್ಯ ಅಭಿಪ್ರಾಯ ಅಂತ ಚುಚ್ಚಿ ಚುಚ್ಚಿ ಬರೀತಾನ ಅಂತ ನನಗ ಅನ್ನ ಸೇರ್ತಿದ್ದಿಲ್ಲ!”

“ನಾನೂ ನೀನೇ ಅಂತ ತಿಳದು ಹಲ್ಲು ಕಡೀತಿದ್ನಲ್ಲೋ! ಮತ್ತ ಯಾಂವ ಇಂವ? ಅಕ್ಕಾರ, ನಮ್ಮಿಬ್ಬರ ನಡು ಬೆಂಕಿ ಹಚ್ಚಾಂವ ಯಾರದಾನ, ಜರಾ ಪತ್ತೆ ಹಚ್ರಿ.”

ಸೇತುವೆಯಲ್ಲಿ ಕಳಿಸಿದವರ ಹೆಸರು ಕಾಣಿಸುವಂತೆ ಮಾಡುವುದು ಹೇಗೆಂದು ತೆಲುಗು ವಿಡಿಯೊದಲ್ಲಿ ವಿವರವಾಗಿ ಹೇಳಿದ್ದಾರೆ. ಅದೇನು ದೊಡ್ಡ ಕೆಲಸವಲ್ಲ. ಆದರೆ ಹಿಡಿದ ಕೆಲಸ ಬಿಡದ ನನಗೂ ಅದೊಂದಕ್ಕೆ ಇನ್ನೂ ಪುರಸೊತ್ತು ಸಿಕ್ಕಿಲ್ಲ. ಅವತ್ತು ಮಾತ್ರ ಜೀವನದಲ್ಲಿ ಮೊದಲ ಸಲ ಮೈಕ್ ಒತ್ತಿ, ‘ಮಾನ್ಯರೇ’ ಎಂಬುದನ್ನು ಗಂಟಲಲ್ಲೇ ನುಂಗಿ, ಆದಷ್ಟು ಸಿಟ್ಟಿನಿಂದ ಹೇಳಿದೆ: “ಯಾಂವ ಇದ್ದಾನೋ ಏನೋ ಹಲ್ಕಟ್ಟ! ನನ್ನ ಕೈಗಿ ಸಿಗ್ಲಿ, ನೋಡ್ಕೋತೀನಿ.”