ತಾಳಿಯಿಲ್ಲದ ಲಗ್ನ

ಹೆಂಡತಿ ಇರುವಾಗ ಮಾಡಿಕೊಂಡ ಎರಡನೆಯ ಲಗ್ನ ಲಗ್ನವೇ ಅಲ್ಲ ಎಂದು ಕಾಯ್ದೆ ಬಂದ ಮೇಲೆ ಜನ ಅದನ್ನು ಬಿಡುತ್ತಾರೆ ಎಂದು ಕೊಲ್ಹಾಪುರದಲ್ಲಿ ವಕೀಲಿ ಓದುವಾಗ ಕಲಿಸಿದ್ದರು. ಗಡಹಿಂಗ್ಲಜದಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಸೇರಿದ ಮೇಲೆ ಗೊತ್ತಾಯಿತು: ಜನ ಬಿಟ್ಟಿರಲಿಲ್ಲ, ವಕೀಲರನ್ನು ಕೇಳಿ ಮಾಡುತ್ತಿದ್ದರು. ಮಹಾಗಾಂವದ ಒಂದೇ ಮನೆಯ ಮೂರು ಪ್ರಸಂಗ ಹೇಳುತ್ತೇನೆ.

೧. ಸಲಹೆ

ರೈತನೊಬ್ಬ ಬಂದ. ಹೆಂಡತಿ ಇದ್ದಳು, ಮಕ್ಕಳಿರಲಿಲ್ಲ. ಇಚಲಕರಂಜಿಯ ಮಗ್ಗದ ಮಾಲಕನ ಮಗಳನ್ನು ಎರಡನೆಯ ಲಗ್ನಕ್ಕೆ ನೋಡಿದ್ದ.

"ಜೇಲಿಗೆ ಹಾಕ್ತಾರೇನ್ರಿ ಸಾಹೇಬ್ರ?"

"ಲಗ್ನ ಆದ್ರ ಹಾಕ್ತಾರ," ಎಂದರು ನಮ್ಮ ವಕೀಲರು. "ಅಯ್ಯನೋರು ಬ್ಯಾಡ, ತಾಳಿ ಬ್ಯಾಡ, ಅಕ್ಕಿಕಾಳು ಬ್ಯಾಡ. ಹುಡುಗಿ ಅಪ್ಪಗ, ತಾಳಿ ನಮ್ಮ ಮನಿದೇವರ ಮುಂದ ಕಟ್ಟತೇವಿ ಅನ್ನು. ಸೀರಿ ಉಡಿಸಿ ಕರಕೊಂಡು ಬಾ. ಅದು ಲಗ್ನಾನ ಅಲ್ಲ."

ರೈತ ಕೈಮುಗಿದ. "ಹಂಗಾದ್ರ ನೀವೂ ಲಗ್ನಕ್ಕ ಬರಬೇಕ್ರಿ."

೨. ಹಿರೇಕಿ

ಮುಂದಿನ ಸಂತೆಗೆ ಅವನ ಹೆಂಡತಿ ಬಂದಳು. ಅಳಲಿಲ್ಲ. ಬೆಂಚಿನ ಮೇಲೆ ನೆಟ್ಟಗೆ ಕೂತಳು.

"ನಮ್ಮನಿಯವ್ರು ಮಾಡ್ಕೊಳ್ಳೂದು ಲಗ್ನ ಹೌದೋ ಅಲ್ಲೋ?"

"ಅಲ್ಲವ್ವಾ. ನಿನಗ ಕೇಸ್ ಮಾಡಾಕ ಬರೂದಿಲ್ಲ."

"ಆಕಿ ಅವ್ರ ಹೇಂತಿ ಆಗೂದಿಲ್ಲ?"

"ಇಲ್ಲ."

"ಆಕಿ ಅಪ್ಪಗ ಹೇಳೀರೇನ್ರಿ?"

ವಕೀಲರು ಕನ್ನಡಕ ಒರೆಸಿದರು. "ಅವ ನನ್ನ ಕಕ್ಷಿದಾರ ಅಲ್ಲ."

"ಇರ್ಲಿ ಬಿಡ್ರಿ," ಎಂದು ಎದ್ದಳು. "ಹೊಸಾಕಿಗೆ ಉಡಿ ತುಂಬಾಕ ಹಿರೇಕಿ ಬೇಕ ಬೇಕಲ್ರಿ. ನಾನೂ ಲಗ್ನಕ್ಕ ಬರ್ತೀನಿ."

೩. ಪಂಕ್ತಿ

ಲಗ್ನದ ದಿನ ಇಚಲಕರಂಜಿಯಲ್ಲಿ ಮಗ್ಗ ನಿಲ್ಲಿಸಿ, ಅದೇ ಶೆಡ್ಡಿನಲ್ಲಿ ಊಟಕ್ಕೆ ಎಲೆ ಹಾಕಿದ್ದರು. ನಮ್ಮ ವಕೀಲರು ಮೊದಲ ಎಲೆಗೆ ಕೂತಿದ್ದರು, ಪಕ್ಕದಲ್ಲಿ ನಾನು. ಹಿರೇಕಿ ಅಕ್ಕಿ, ತೆಂಗಿನಕಾಯಿ ಹಿಡಿದು ಹುಡುಗಿಯ ಮುಂದೆ ನಿಂತಳು. ಆಮೇಲೆ ಹುಡುಗಿಯ ಅಪ್ಪನ ಕಡೆ ತಿರುಗಿದಳು.

"ಕಾಕಾ, ಉಡಿ ತುಂಬಾಕ ನಂದೇನೂ ತಕರಾರಿಲ್ಲ. ಇದು ಲಗ್ನ ಹೌದಂತ ನಿಮ್ಮ ಅಳಿಯಾರ ಬಾಯಿಂದ ಒಂದ ಸಲ ಹೇಳಸ್ರಿ."

ಹೌದೆಂದರೆ ಜೇಲು. ಅಲ್ಲವೆಂದರೆ ಮಗ್ಗದವರೆಲ್ಲ ಅಲ್ಲೇ ನಿಂತಿದ್ದರು. ಇಷ್ಟು ಚೊಕ್ಕ ಪಾಟೀಸವಾಲನ್ನು ನಾನು ಯಾವ ಕೋರ್ಟಿನಲ್ಲೂ ಕೇಳಿಲ್ಲ.

ರೈತ ನಮ್ಮ ಕಡೆ ಕೈ ತೋರಿಸಿದ. "ವಕೀಲಸಾಹೇಬ್ರನ್ನ ಕೇಳ್ರಿ."

ಎಲ್ಲರೂ ಇತ್ತ ತಿರುಗಿದರು. ನಮ್ಮ ವಕೀಲರು ಇಡೀ ಹೋಳಿಗೆಯನ್ನು ಬಾಯಿಗೆ ತುರುಕಿಕೊಂಡರು.

ಅಪ್ಪನಿಗೆ ಅಷ್ಟು ಸಾಕಾಯಿತು. ಮಗಳನ್ನು ಒಳಗೆ ಕಳಿಸಿದ. ಹಿರೇಕಿ ಹೋಗುವ ಹುಡುಗಿಯನ್ನು ನಿಲ್ಲಿಸಿ, ತಂದ ಕಾಯಿಯನ್ನು ಅವಳ ಉಡಿಯಲ್ಲೇ ಹಾಕಿ, ಗಂಡನಿಗೆ "ನಡೀರಿ, ಎಸ್‌ಟಿ ಬಸ್ಸು ತಪ್ಪತೈತಿ," ಎಂದಳು. ಅವನು ಹಿಂದೆ ಹೊರಟ.

ಬಾಗಿಲಲ್ಲಿ ನಿಂತು ಬಡಿಸುವವನಿಗೆ ಹೇಳಿದಳು:

"ವಕೀಲರಿಗೆ ಇನ್ನೊಂದು ಹೋಳಿಗಿ ನೀಡಪಾ. ಅವ್ರು ಬಂದದ್ದ ಊಟಕ್ಕ. ಲಗ್ನ ಇಲ್ಲಂತ ಅವ್ರಿಗೆ ಮೊದಲ ಗೊತ್ತಿತ್ತು."