ಮೂರನೇ ವಿಸಿಲ್

"ಗಣಿತ ಅಂದ್ರೆ ಏನ್ ಮಹಾ? ಅದೂ ಲೈನಲ್ಲಿ ಬರೋ ಒಂದು ಜಾಬ್ ಅಷ್ಟೇ ಕಣೇ" ಎಂದು ಹನುಮಂತರಾಯಪ್ಪ ಮುದ್ದೆ ಮುರಿಯುತ್ತಾ ಘೋಷಿಸಿದಾಗ, ಭಾಗ್ಯಮ್ಮನ ಕೈಯಲ್ಲಿದ್ದ ಸಾರಿನ ಸೌಟು ಗಾಳಿಯಲ್ಲೇ ನಿಂತಿತು. ಗಂಡನ ಘೋಷಣೆಗಳ ಪರಿಣಾಮ ಅವಳಿಗೆ ಚೆನ್ನಾಗಿ ಗೊತ್ತು. ಹಿಂದೊಮ್ಮೆ ಮಿಕ್ಸಿಯನ್ನು ತಾನೇ ರಿಪೇರಿ ಮಾಡುತ್ತೇನೆಂದು ಘೋಷಿಸಿದ್ದ. ಇವತ್ತಿಗೂ ಚಟ್ನಿ ರುಬ್ಬಲು ಸ್ವಿಚ್ ಒತ್ತಿದರೆ ಬಚ್ಚಲಿನ ದೀಪ ಆರುತ್ತದೆ.

ಈ ಸಲದ ಘೋಷಣೆ ಹತ್ತನೇ ತರಗತಿಯದ್ದು. ಮಧುಗಿರಿ ಕಡೆಯ ಹಳ್ಳಿಯಲ್ಲಿ ಒಂಬತ್ತನೆಯದಕ್ಕೇ ಶಾಲೆಗೆ ಕೈಮುಗಿದು, ಬಸ್ ಹತ್ತಿ ಹೊಸೂರಿಗೆ ಬಂದು, ಮೂಕಂಡಪಲ್ಲಿಯ ಪಂಪ್ ಕಾರ್ಖಾನೆಯಲ್ಲಿ ಕೂದಲು ನರೆಸಿಕೊಂಡವನು ಅವನು. ಈಗ ಅವನ ಲೈನಿನ ಲೀಡರ್ ಜಯರಾಮಯ್ಯ ನಿವೃತ್ತನಾಗಲಿದ್ದ. ಮುಂದಿನ ಲೀಡರ್ ಹತ್ತನೇ ತರಗತಿಯಾದರೂ ಪಾಸಾಗಿರಬೇಕು ಎಂದು ಆಫೀಸಿನವರು ಕಡ್ಡಿ ಮುರಿದಂತೆ ಹೇಳಿದ್ದರು. ಇಲ್ಲದಿದ್ದರೆ ಲೀಡರಿನ ಹಳದಿ ಟೋಪಿ ಅದೇ ಲೈನಿನ ಹುಡುಗ ಪ್ರಮೋದನ ತಲೆಗೆ.

"ಸ್ಪ್ಯಾನರ್ ಹಿಡಿಯೋದು ನಾನೇ ಕಲ್ಸಿದ್ದು ಅವನ್ಗೆ. ಬೆಳಗೆದ್ದು ಅವನ್ಗೆ ನಾನು ಗುಡ್ ಮಾರ್ನಿಂಗ್ ಸಾರ್ ಅನ್ಬೇಕಾ?"

"ಅನ್ರಿ. ಬಾಯೇನು ಸವ್ದೋಗಲ್ಲ" ಎಂದಳು ಭಾಗ್ಯಮ್ಮ.

ಅವನು ಅನ್ನಲೊಪ್ಪಲಿಲ್ಲ. ಮುಕ್ತ ಶಾಲೆಗೆ ಸೇರಿಯೇ ಬಿಟ್ಟ. ಭಾನುವಾರ ಬಂತೆಂದರೆ ಇಸ್ತ್ರಿ ಅಂಗಿ, ಜೇಬಿಗೆ ಪೆನ್ನು, ಹಣೆಗೆ ವಿಭೂತಿ. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಒಳಗೆ ಹೋದರೆ ಹೊಟ್ಟೆ ಹೊರಗೆ, ಹೊಟ್ಟೆ ಒಳಗೆ ಹೋದರೆ ಮೊಣಕಾಲು ಹೊರಗೆ. ಆದರೂ ಸಂಜೆ ಬೀದಿಯಲ್ಲಿ ನಡೆದು ಬರುವಾಗ ಪುಸ್ತಕದ ಹೆಸರು ಎಲ್ಲರಿಗೂ ಕಾಣುವಂತೆ ಎದೆಗೆ ಹಿಡಿದೇ ಬರುತ್ತಿದ್ದ. ಭಾಷೆ, ವಿಜ್ಞಾನ, ಸಮಾಜ ಎಲ್ಲ ಹೇಗೋ ತಲೆಗೆ ಹತ್ತಿದವು. ಗಣಿತ ಮಾತ್ರ ಜಗ್ಗಲಿಲ್ಲ. ಒಂದು ಲೆಕ್ಕ ಹಿಡಿದರೆ ಬೆಳಗಿನ ಶಿಫ್ಟ್ ಮುಗಿದು ಸಂಜೆಯ ಶಿಫ್ಟ್ ಶುರುವಾಗುತ್ತಿತ್ತು.

"ಅಪ್ಪಾ, ಪರೀಕ್ಷೇಲಿ ಇಷ್ಟು ಹೊತ್ತು ಕೊಡಲ್ಲ" ಎಂದಳು ಪ್ಲಸ್ ಟೂ ಓದುತ್ತಿದ್ದ ಮಗಳು ಭೂಮಿಕಾ.

ಆಗ ಅವನಿಗೆ ಜ್ಞಾನೋದಯವಾಯಿತು. ಲೈನಿನಲ್ಲಿ ಬಜರ್ ಹೊಡೆದರೆ ಪೀಸು ಮುಂದಿನವನ ಹತ್ತಿರ ಹೋಗಲೇಬೇಕು. ಬೋಲ್ಟ್ ಬಿಗಿದಿದ್ದರೂ ಸರಿ, ಬಿಗಿಯದಿದ್ದರೂ ಸರಿ. ಲೆಕ್ಕಕ್ಕೂ ಹಾಗೇ ಮಾಡಿದರಾಯಿತು. ಮನೆಯಲ್ಲಿ ಬಜರ್ ಇಲ್ಲ, ಕುಕ್ಕರ್ ಇದೆ. ಒಂದು ಲೆಕ್ಕಕ್ಕೆ ಮೂರು ವಿಸಿಲ್. ಮೂರನೆಯದು ಕೂಗಿದರೆ ಪೆನ್ನು ಮೇಲೆ, ಮುಂದಿನ ಲೆಕ್ಕ.

ಮಾರನೆಯ ದಿನದಿಂದಲೇ ಅಡುಗೆಮನೆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತ. ಭಾಗ್ಯಮ್ಮ ಕುಕ್ಕರ್ ಇಟ್ಟಳು. ಮೊದಲನೇ ವಿಸಿಲಿಗೆ ಅವನ ಕೈ ಚುರುಕಾಯಿತು. ಎರಡನೆಯದಕ್ಕೆ ಹಣೆಯಲ್ಲಿ ಬೆವರೊಡೆಯಿತು. ಮೂರನೆಯದು ಕೂಗುವ ಮೊದಲೇ ಉತ್ತರ ಬರೆದು ಎರಡು ಗೆರೆ ಎಳೆದ. ಆಮೇಲೆ ದಿನವೂ ಅಷ್ಟೇ. ಎಂಥ ಕಷ್ಟದ ಲೆಕ್ಕವಿರಲಿ, ಮೂರನೇ ವಿಸಿಲಿಗೆ ಮುಂಚೆ ಉತ್ತರ ತಯಾರು. ತನ್ನ ವೇಗಕ್ಕೆ ತಾನೇ ಬೆರಗಾದ ಹನುಮಂತರಾಯಪ್ಪ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕನ್ನಡ, ತಮಿಳು, ತೆಲುಗು ಮೂರರಲ್ಲೂ ಕೊಚ್ಚಿಕೊಂಡ.

ಒಂದೇ ಒಂದು ಕೊರತೆ ಎಂದರೆ ಊಟದ್ದು. "ಅಲ್ವೇ, ಹುಳ್ಳಿಕಾಳು ಸಾರಲ್ಲಿ ಕಾಳೇ ಇಲ್ವಲ್ಲ?"

"ಕರಗ್ಹೋಗೈತೆ. ಸುಮ್ನೆ ಉಣ್ಣಿ" ಎನ್ನುತ್ತಿದ್ದಳು ಭಾಗ್ಯಮ್ಮ.

ಗಣಿತದ ಪರೀಕ್ಷೆಯ ದಿನ ಬಂತು. ಹೊಸೂರಿನ ಆ ಪರೀಕ್ಷಾ ಕೇಂದ್ರದ ಕಾಂಪೌಂಡಿಗೆ ಅಂಟಿಕೊಂಡೇ ಕಾರ್ಖಾನೆ ಹುಡುಗರಿಗೆ ಊಟ ಹಾಕುವ ಒಂದು ಮೆಸ್ಸು. ಹನುಮಂತರಾಯಪ್ಪ ಕುಲದೇವರನ್ನು ನೆನೆದು ತ್ರಿಭುಜ ಎಳೆಯಲು ಶುರುಮಾಡಿದ. ಎರಡು ಬಾಹು ಎಳೆದಿದ್ದನಷ್ಟೇ. ಗೋಡೆಯಾಚೆ ಕುಕ್ಕರ್ ಕೂಗಿತು. ಕೂಗಿತು. ಮತ್ತೆ ಕೂಗಿತು. ಪೆನ್ಸಿಲು ತಾನಾಗಿ ಮೇಲೆದ್ದಿತು. ಮೂರನೇ ಬಾಹು ಅನಾಥವಾಯಿತು.

ಬಡ್ಡಿ ಲೆಕ್ಕದಲ್ಲಿ ಸೂತ್ರ ಬರೆದು ಅಂಕಿ ತುಂಬಿ ಇನ್ನೇನು ಗುಣಿಸಬೇಕು, ಮೂರನೇ ವಿಸಿಲ್. ಗೋಡೆಗೆ ಏಣಿ ಒರಗಿಸಿದ, ಅದರ ಉದ್ದ ಕಂಡುಹಿಡಿಯುವಷ್ಟರಲ್ಲಿ ಮೂರನೇ ವಿಸಿಲ್. ಏಣಿ ಒರಗಿದ್ದ ಕಡೆಯೇ ಉಳಿಯಿತು. ಮುಗಿಸೋ ಮಾರಾಯ ಎಂದು ಮನಸ್ಸು ಹೇಳುತ್ತಿತ್ತು, ಲೈನಿನಲ್ಲಿ ಪಳಗಿದ ಕೈ ಕೇಳುತ್ತಿರಲಿಲ್ಲ. ಆ ಪಾಪಿ ಮೆಸ್ಸಿನಲ್ಲಿ ಕುಕ್ಕರ್ ಒಂದಲ್ಲ, ಎರಡಿದ್ದವು. ಒಂದು ಅನ್ನಕ್ಕೆ ಕೂಗಿದರೆ ಇನ್ನೊಂದು ಬೇಳೆಗೆ.

ಕೊನೆಯ ಪ್ರಶ್ನೆ ದಾಟಿದಾಗ ಇನ್ನೂ ಬೇಕಾದಷ್ಟು ಹೊತ್ತಿತ್ತು. ಹಿಂದಕ್ಕೆ ಹೋಗಿ ಎಲ್ಲ ಮುಗಿಸಬಹುದಿತ್ತು. ಆದರೆ ದಾಟಿಹೋದ ಪೀಸನ್ನು ವಾಪಸ್ ಎಳೆದವರಿಗೆ ಲೈನಿನಲ್ಲಿ ಮೆಮೊ ಕೊಡುತ್ತಾರೆ. ಆದ್ದರಿಂದ ಹನುಮಂತರಾಯಪ್ಪ ಪೇಪರಿಗೆ ದಾರ ಕಟ್ಟಿ, ಕರ್ಚೀಫಿನಿಂದ ಡೆಸ್ಕು ಒರೆಸಿ, "ಶಿಫ್ಟ್ ಓವರ್ ಮೇಡಂ" ಎಂದು ಮೇಲ್ವಿಚಾರಕಿಗೆ ಒಪ್ಪಿಸಿ ಹೊರಗೆ ಬಂದ. ತಾನು ಮಾಡಿದ್ದೇನೆಂದು ಹೊಳೆದದ್ದು ಗೇಟಿನಾಚೆ ಟೀ ಕುಡಿಯುವಾಗ.

"ಎಲ್ಲಾ ಬರೆದ್ರಾ?" ಎಂದಳು ಭಾಗ್ಯಮ್ಮ ಬಾಗಿಲಲ್ಲೇ.

"ಎಲ್ಲಾ ಬರ್ದೆ. ಒಂದ್ನೂ ಮುಗಿಸ್ಲಿಲ್ಲ."

ನಡೆದದ್ದನ್ನು ಹೇಳಿದ. ಭೂಮಿಕಾ ನಗು ತಡೆಯಲಾರದೆ ಒಳಗೆ ಓಡಿದಳು. ಭಾಗ್ಯಮ್ಮ ನಗಲಿಲ್ಲ. ಅವಳ ಮುಖ ಮಾತ್ರ ಯಾಕೋ ಬಿಳುಚಿಕೊಂಡಿತು. ಅವತ್ತಿನಿಂದ ಅವನು ಗಣಿತದ ಹೆಸರೆತ್ತಲಿಲ್ಲ. ಪ್ರಮೋದ್ ಎದುರಿಗೆ ಬಂದರೆ ಬೇರೆ ದಾರಿ ಹಿಡಿದ. ಗುಡ್ ಮಾರ್ನಿಂಗ್ ಸಾರ್ ಎನ್ನುವುದನ್ನು ಬಚ್ಚಲಿನಲ್ಲಿ ಒಂದೆರಡು ಸಲ ಅಭ್ಯಾಸವನ್ನೂ ಮಾಡಿದ. ಅವನಿಗೆ ನಿಜಕ್ಕೂ ನೋವಾಗಿತ್ತು.

ಫಲಿತಾಂಶ ಬಂದ ದಿನ ಭೂಮಿಕಾ ಫೋನು ಹಿಡಿದು ಕಿರುಚಿದಳು. "ಅಪ್ಪಾ, ಪಾಸ್. ಗಣಿತಾನೂ ಪಾಸ್."

"ಉತ್ರಾನೇ ಬರೀಲಿಲ್ವಲ್ಲ?"

"ಹಂತ ಹಂತಕ್ಕೂ ಮಾರ್ಕ್ಸ್ ಕೊಡ್ತಾರಪ್ಪ. ಒಂದೊಂದ್ರಲ್ಲೂ ಅರ್ಧರ್ಧ ಬಂದಿರುತ್ತೆ, ಎಲ್ಲಾ ಸೇರಿ ದಡ ಮುಟ್ಟಿದ್ದೀಯ."

ಹನುಮಂತರಾಯಪ್ಪ ಅಂಗಳದಲ್ಲೇ ಕೂತು ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಬೀದಿಗೆಲ್ಲ ಜಾಂಗ್ರಿ ಹಂಚಿದ. ಸಂಜೆ ಜಯರಾಮಯ್ಯನೇ ಹಳದಿ ಟೋಪಿ ತಂದು ತಲೆಗಿಟ್ಟ. ಟೋಪಿ ಕೂತಿದ್ದೇ ತಡ, ಹಳೆಯ ಹನುಮಂತರಾಯಪ್ಪ ವಾಪಸ್ ಬಂದ.

"ಮನೇಲಿ ಒಂದು ಲೆಕ್ಕಾನೂ ಅರ್ಧಕ್ಕೆ ಬಿಟ್ಟೋನಲ್ಲ ಕಣಣ್ಣ ನಾನು. ಮೂರನೇ ವಿಸಿಲ್ ಒಳ್ಗೆ ಉತ್ರ. ಸ್ಪೀಡಂದ್ರೆ ಅಂಥ ಸ್ಪೀಡು. ಆ ಮೆಸ್ಸಿನ ಕುಕ್ಕರ್ರೇ ಸರಿಯಿಲ್ಲ."

"ಮೆಸ್ಸಿನ ಕುಕ್ಕರ್ ಸರ್ಯಾಗೇ ಐತೆ" ಎಂದಳು ಭಾಗ್ಯಮ್ಮ, ಕಾಫಿ ಲೋಟ ಇಡುತ್ತಾ. "ಎರಡನೇ ವಿಸಿಲ್ಗೆ ನಿಮ್ಮ ಹಣೆ ಬೆವರ್ತಿತ್ತಲ್ಲ, ಆಗ ನಾನು ಉರಿ ಸಣ್ಣ ಮಾಡ್ತಿದ್ದೆ. ನೀವು ಎರಡು ಗೆರೆ ಎಳೆದ್ಮೇಲೆ ದೊಡ್ಡದು ಮಾಡ್ತಿದ್ದೆ. ಮೆಸ್ಸಿನೋನಿಗೆ ನಿಮ್ಮ ಬೆವರು ಕಾಣುತ್ತಾ?"

ಜಯರಾಮಯ್ಯ ಜಾಂಗ್ರಿ ಬಾಯಲ್ಲಿಟ್ಟುಕೊಂಡೇ ಕೂತ. ಹನುಮಂತರಾಯಪ್ಪನಿಗೆ ಕರಗಿಹೋದ ಹುಳ್ಳಿಕಾಳೆಲ್ಲ ಒಮ್ಮೆಲೇ ನೆನಪಾಯಿತು. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಟೋಪಿ ಯಾಕ್ ತೆಗೀತೀರಿ, ಇಟ್ಕೊಳ್ಳಿ. ಚೆನ್ನಾಗ್ ಕಾಣ್ತೀರಿ" ಎಂದಳು ಭಾಗ್ಯಮ್ಮ. "ಬರೋ ಭಾನುವಾರದಿಂದ ನಾನೂ ಸ್ಕೂಲಿಗೆ ಸೇರ್ತೀನಿ. ನಾನು ಸ್ಟೂಲ್ ಮೇಲೆ, ನೀವು ಒಲೆ ಮುಂದೆ. ಕಣ್ಣು ಕುಕ್ಕರ್ ಮೇಲಲ್ಲ, ನನ್ನ ಹಣೆ ಮೇಲಿರ್ಬೇಕು."