ಹಳ್ಳ ಸಿಕ್ತೇನ್ರಿ, ಸಾಹೇಬ್ರ?

ಮೋಜಣಿ ಕೆಲಸದಾಗ ಇದ್ದವರಿಗೆ ನಗಾಕ ಬ್ಯಾರೆ ಏನೂ ಬೇಕಾಗಿಲ್ಲ, ನಕ್ಷೆ ಹಿಡಕೊಂಡು ಜಾಗಕ್ಕ ಹೋದ್ರ ಸಾಕು. ನಾ ಭೂಮಿ ಅಳಿಯೋ ಸರ್ವೇಯರ್. ಈಗೀಗ ನನ್ನ ಪಾಲಿಗೆ ಬಂದಿದ್ದು ಒಂದ ಕೆಲಸ: ನಕ್ಷೆದಾಗ ಇರೋ ಹಳ್ಳಗಳನ್ನ ನೆಲದ ಮ್ಯಾಲೆ ಹುಡುಕೂದು. ಕಳದ ಎಮ್ಮಿ ಹುಡುಕೂದು ಇದಕ್ಕಿಂತ ಸುಲಭ. ಎಮ್ಮಿ ಒದರತೈತಿ.

ನಮ್ಮ ಮನಿ ವಿಜಯಪುರದಾಗ. ಮಗ್ಗಲಮನಿ ಚಿಗವ್ವಗ ಓಣಿಯವರೆಲ್ಲ ಖಾಲಾ ಅಂತಾರ, ಹೊಲಿಗಿ ಮಾಡಿ ಜೀವನ ಮಾಡ್ತಾರ. ಮಳಿ ಜೋರಾತಂದ್ರ ಅವರ ಮನಿಯೊಳಗ ಮೊಣಕಾಲಮಟ ಗಟಾರ ನೀರು. ಮಶಿನ್ ಮಂಚದ ಮ್ಯಾಲೆ, ಖಾಲಾ ಮಶಿನ್ ಮಗ್ಗಲಕ. "ಇಲ್ಲಿ ಹಿಂದ ಹಳ್ಳ ಇತ್ತಂತ, ಯಾರೋ ಮುಚ್ಚ್ಯಾರ. ಸಿಕ್ತೇನ್ರಿ, ಸಾಹೇಬ್ರ?" ಅಂತ ದಿನಾ ಸಂಜಿಕ ಕೇಳ್ತಾರ. ಆ ಮಶಿನ್ ಕೆಟ್ರ ಅವರ ಒಲಿ ಆರತೈತಿ ಅಂತ ನನಗೂ ಸಂಕಟ. "ಯಾವ ಮಗಾ ಮುಚ್ಚ್ಯಾನ ಸಿಗ್ಲಿ, ಬಿಡೂದಿಲ್ಲ" ಅಂತ ಮಾತು ಕೊಟ್ಟಿದ್ದೆ.

ಬಿಸಲಿನ ಪ್ರತಾಪ

ಹೊನವಾಡದ ಕಡೆ ಒಂದು ದ್ರಾಕ್ಷಿ ತ್ವಾಟ. ನಕ್ಷೆದಾಗ ಹಳ್ಳ ಅರವತ್ತು ಫೂಟು ಅಗಲ. ನೆಲದ ಮ್ಯಾಲೆ ನಾ ಜಿಗದು ದಾಟಿದೆ.

"ಮಾಲಕ್ರ, ಉಳದ ಹಳ್ಳ ಎಲ್ಲಿ ಹೋತ್ರಿ?"

"ಏನ್ ಬಿಸಲರೀ ಸಾಹೇಬ್ರ! ಬತ್ತೇತಿ."

"ನೀರು ಬತ್ತತೈತಿ. ಅಗಲ ಹ್ಯಾಂಗ ಬತ್ತತೈತ್ರಿ?"

ಮಾಲಕ ಟವಲ್ಲಿಲೆ ಮಾರಿ ಒರಸ್ಕೊಂಡ. "ನಮ್ಮ ಕಡೆ ಬಿಸಲು ನಿಮಗ ಗೊತ್ತಿಲ್ಲೇನು? ಬರ್ರಿ, ದ್ರಾಕ್ಷಿ ತಿನ್ನರಿ."

ದ್ರಾಕ್ಷಿ ಭಾಳ ರಸ ಇದ್ದವು. ಹಳ್ಳದಾಗ ಬೆಳದದ್ದಕ್ಕ ರಸಕ್ಕೇನು ಬರ!

ಇಬ್ಬರದೂ ಖರೇನ

ಬಬಲೇಶ್ವರದಾಗ ಎರಡು ಅಂಗಡಿ, ನಡುವ ಒಂದ ಗ್ವಾಡಿ. ಮಾಲಕರಿಬ್ಬರೂ ಎದಿ ಉಬ್ಬಿಸ್ಕೊಂಡು ಖರೀದಿ ಪತ್ರ ತಂದ್ರು. ಅದರಾಗ ನಾಕೂ ದಿಕ್ಕಿಗೆ ಏನೈತಿ ಅಂತ ಚಕ್ಕುಬಂದಿ ಬರದಿರತಾರ. ಒಬ್ಬಂವಂದು ಓದಿದೆ: ಪೂರ್ವಕ್ಕೆ ಹಳ್ಳ. ಇನ್ನೊಬ್ಬಂವಂದು ಓದಿದೆ: ಪಶ್ಚಿಮಕ್ಕೆ ಹಳ್ಳ.

"ಹಂಗಾದ್ರ ನಿಮ್ಮಿಬ್ಬರ ನಡುವಿನ ಹಳ್ಳ ಎಲ್ಲೈತ್ರಿ?"

ಇಬ್ಬರೂ ಮಾರಿ ಮಾರಿ ನೋಡ್ಕೊಂಡ್ರು. "ಗ್ವಾಡಿ ಒಳಗ ಐತ್ರಿ," ಅಂದ ಒಬ್ಬಂವ.

"ಮಳಿಗಾಲದಾಗ ಹಸಿ ಆಗತೈತ್ರಿ, ಬೇಕಾದ್ರ ಮುಟ್ಟಿ ನೋಡ್ರಿ," ಅಂದ ಇನ್ನೊಬ್ಬಂವ.

ಮುಟ್ಟಿ ನೋಡಿದೆ. ಹಸೀನ ಇತ್ತು.

ದಕ್ಷಿಣ ದಿಕ್ಕು

ಈ ಕಥಿ ಮನ್ಯಾಗ ಹೇಳಿ ಹೊಟ್ಟಿ ಹಿಡಕೊಂಡು ನಕ್ಕೆ. ನನ್ನ ಹೆಂಡ್ತಿ ನಗಲಿಲ್ಲ.

"ನಮ್ಮ ಪತ್ರದಾಗ ಏನ್ ಬರದೈತ್ರಿ?"

ಊರವರ ಕಾಗದ ಓದಾಕ ನನಗ ಪಗಾರ ಐತಿ, ನನ್ನದು ಓದಾಕ ಯಾರು ಕೊಡ್ತಾರ? ಆಕಿನ ಟ್ರಂಕ್ ತಗದು ಓದಿದ್ಲು. "ಉತ್ತರಕ್ಕೆ ರಸ್ತೆ. ದಕ್ಷಿಣಕ್ಕೆ ಹಳ್ಳ."

ಇಬ್ಬರೂ ದಕ್ಷಿಣಕ್ಕ ತಿರಗಿ ನೋಡಿದ್ವಿ. ಅಲ್ಲಿ ನಮ್ಮ ಬಚ್ಚಲಮನಿ. ಎಂಟು ವರ್ಷದ ಹಿಂದ ನಾನ ನಿಂತು ಕಟ್ಟಿಸಿ, ಟೈಲ್ಸ್ ಹಚ್ಚಿಸಿದ್ದು. ಖಾಲಾನ ಮನಿ ಕಡೆಯಿಂದ ನೀರು ಮುಂದ ಹೋಗಾಕ ಇದ್ದ ದಾರಿ ಅದೊಂದ.

"ಹಳ್ಳ ಎಲ್ಲೈತ್ರಿ?" ಅಂದ್ಲು.

ನನ್ನ ಬಾಯಾಗ ತಾನಾಗೇ ಬಂತು: "ಬಿಸಲಿಗೆ ಬತ್ತೇತಿ."

ಆಕಿ ಪತ್ರ ನನ್ನ ಕೈಯಾಗ ಇಟ್ಟು ಟ್ರಂಕ್ ಮುಚ್ಚಿದ್ಲು.

ಜಳಕ

ಮರುದಿನ ಬಚ್ಚಲ ತಗೀರಿ ಅಂತ ನೋಟಿಸ್ ಬರದೆ. ಕೊಟ್ಟವರ ಸಹಿ ನನ್ನದು, ಮುಟ್ಟಿದವರ ಸಹಿನೂ ನನ್ನದು. ಸಂಜಿಕ ಖಾಲಾ ಕೇಳಿದ್ರು, "ಸಿಕ್ತೇನ್ರಿ, ಸಾಹೇಬ್ರ?"

"ಸಿಕ್ತರಿ ಖಾಲಾ. 'ಯಾವ ಮಗಾ' ಅಂತಿದ್ದೆನಲ್ಲ, ಆ ಮಗಾನೂ ಸಿಕ್ಕಾನ. ನಾನ." ನಾಚಿಕಿಂದ ತಲಿ ಎತ್ತಲಿಲ್ಲ.

ಖಾಲಾ ಒಳಗ ಹೋಗಿ ಮಶಿನ್ ತುಳಿಯಾಕ ಹತ್ತಿದ್ರು. ಬೈದಿದ್ರ ಪಾಡಿತ್ತು.

ಬಚ್ಚಲ ಒಡಸಿದೆ. ಮುಂದಿನ ಮಳಿಗೆ ನೀರು ಸರಳ ಹರದು ಹೋತು, ಮಶಿನ್ ಮಂಚ ಏರಲಿಲ್ಲ. ಆದ್ರ ನಮಗ ಜಳಕಕ್ಕ ಜಾಗಾ ಇಲ್ಲ. "ಹೊಸಾದು ಆಗೂತನಕ ನಮ್ಮ ಮನಿಗೆ ಬರ್ರಿ" ಅಂತ ಖಾಲಾನ ಹೇಳಿ ಕಳಿಸಿದ್ರು.

ಮುಂಜಾನೆ ಟವಲ್ಲು, ಬಕೀಟು ಹಿಡಕೊಂಡು ಹೋಗಿ ಅವರ ಬಾಗಲಾ ಬಡದೆ. ಖಾಲಾ ಮಶಿನ್ ತುಳಿಯೂದು ಬಿಡದನ ನನ್ನ ನೋಡಿ ಅಂದ್ರು:

"ಬರ್ರಿ ಸಾಹೇಬ್ರ, ಬರ್ರಿ. ಎಂಟು ವರ್ಷ ನಿಮ್ಮ ಬಚ್ಚಲದ ಪುಣ್ಯೇದಿಂದ ನೀರು ಬರ್ತಿತ್ತು, ಈಗ ನೀವ ಬರಾಕತ್ತೀರಿ. ನೀವರೆ ಬಾಗಲಾ ಬಡದು ಬಂದ್ರಿ, ಅಷ್ಟ ಪಾಡ!"